ಮನೆಯಲ್ಲಿ ಸೂರ್ಯನನ್ನು ಮಾಡಲು ಬರುತ್ತದೆಯೆ?

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರ. ನನ್ನ ಹೆಸರು ಕರೆದಾಗ ಇಂದು ಇಕ್ಬಾಲರ ಬಗ್ಗೆಯೋ ಬಸವಣ್ಣನವರ ಬಗ್ಗೆಯೋ ನಾಲ್ಕು ಮಾತು ಕೇಳಬಹುದೆಂದು ತಾವು ಅಂದುಕೊಂಡಿರಬಹುದು. ಆದರೆ ನಾನು ಮಾತನಾಡಲು ಬಂದಿರುವುದು ಕರೆಂಟು, ಸಿಡಿಲು ಮತ್ತು ಸೂರ್ಯನ ಬಗ್ಗೆ. ಇದಕ್ಕೆ ಕಾರಣ ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಅವನ ಹೆಸರು ಬೇಡ. ಹೇಳಿದರೆ ನಾಳೆ ಎಲ್ಲರೂ ಅವನನ್ನು ಕಾಡುತ್ತೀರಿ.

ಈ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದಾನೆ. ಉಕ್ಕಿನ ಒಂದು ಡಬ್ಬಿ, ಅದಕ್ಕೊಂದು ಗಾಜಿನ ಕಿಟಕಿ, ಒಳಗೆ ತಂತಿಯ ಪುಟ್ಟ ಬುಟ್ಟಿ, ಬುಟ್ಟಿಯ ನಡುವೆ ನೇರಳೆ ಬಣ್ಣದ ಬೆಳಕಿನ ಉಂಡೆ. ವಿಡಿಯೋದವನು ಅದನ್ನು ನಕ್ಷತ್ರ ಎಂದು ಕರೆದಿದ್ದ. ಮರುದಿನ ಕನ್ನಡ ವ್ಯಾಕರಣದ ತಾಸಿನಲ್ಲಿ ಈ ಹುಡುಗ ಎದ್ದು ನಿಂತು, "ಸರ್, ಮನಿಯಾಗ ಸೂರ್ಯ ಮಾಡ್ಲಿಕ್ಕ ಬರ್ತದೇನ್ರಿ?" ಎಂದು ಕೇಳಿದ. ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಪ್ರಶ್ನೆ ಒಳ್ಳೆಯದಿತ್ತು. ಆದರೆ ಒಂದು ವಾರದ ಮೇಲೆ ಅವನ ತಂದೆ ಶಾಲೆಗೆ ಬಂದರು. ಮಗ ಗುಜರಿ ಅಂಗಡಿಗೆ ಹೋಗಿ ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬೇಕೆಂದು ವಿಚಾರಿಸಿ ಬಂದಿದ್ದ. "ಮಾಸ್ತರರೆ, ನಿಮ್ಮ ಮಾತು ಕೇಳ್ತಾನ. ಈ ಹುಚ್ಚು ಬಿಡಸ್ರಿ. ಇಲ್ಲಂದ್ರ ಮೊಬೈಲ್ ಕಸ್ಕೊಂಡು ಗ್ಯಾರೇಜಿಗಿ ಹಚ್ತೀನಿ" ಎಂದರು.

ತಂದೆಯ ಭಯ ಸರಿಯಾದದ್ದು. ಮಗನ ಪ್ರಶ್ನೆಯೂ ಸರಿಯಾದದ್ದು. ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲಬೇಕಿಲ್ಲ ಎಂದು ನನಗನಿಸುತ್ತದೆ. ಈ ಮಾತನ್ನು ಆ ತಂದೆಗಷ್ಟೇ ಅಲ್ಲ, ಇಲ್ಲಿ ಕುಳಿತ ಎಲ್ಲ ಪಾಲಕರಿಗೂ ಹೇಳಬೇಕೆಂದು ನಿಂತಿದ್ದೇನೆ.

ಮೊದಲು ಆ ನೇರಳೆ ಬೆಳಕು ಏನೆಂದು ನೋಡೋಣ. ಮಂಜುಗಡ್ಡೆ ಕಾಯಿಸಿದರೆ ನೀರು, ನೀರು ಕಾಯಿಸಿದರೆ ಹಬೆ. ಇಷ್ಟು ಎಲ್ಲರಿಗೂ ಗೊತ್ತು. ಅನಿಲವನ್ನು ಇನ್ನೂ ಕಾಯಿಸುತ್ತ ಹೋದರೆ, ಇಲ್ಲವೆ ಅದರ ಮೂಲಕ ಬಲವಾದ ವಿದ್ಯುತ್ತನ್ನು ಹಾಯಿಸಿದರೆ, ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ. ಬಿಡಿ ಎಲೆಕ್ಟ್ರಾನುಗಳು ಮತ್ತು ಅವನ್ನು ಕಳೆದುಕೊಂಡ ಅಯಾನುಗಳು ಬೆರೆತಿರುವ ಆ ಸ್ಥಿತಿಗೆ ಪ್ಲಾಸ್ಮಾ ಎನ್ನುತ್ತಾರೆ. ಈ ಹೆಸರನ್ನು 1928ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್ಮೂರ್ ಕೊಟ್ಟರು. ಅದಕ್ಕೂ ಮೊದಲೆ, 1920ರಲ್ಲಿ, ಎಷ್ಟು ಬಿಸಿಗೆ ಯಾವ ಅನಿಲದ ಎಷ್ಟು ಪಾಲು ಹೀಗೆ ಒಡೆಯುತ್ತದೆ ಎಂಬ ಲೆಕ್ಕವನ್ನು ನಮ್ಮವರೇ ಆದ ಮೇಘನಾದ ಸಹಾ ಮಾಡಿಟ್ಟರು. ಢಾಕಾದ ಹತ್ತಿರದ ಹಳ್ಳಿಯಲ್ಲಿ ಬಡ ಅಂಗಡಿಕಾರನ ಮನೆಯಲ್ಲಿ ಹುಟ್ಟಿದವರು ಅವರು. ನಕ್ಷತ್ರಗಳ ಬೆಳಕನ್ನು ಓದುವವರು ಇಂದಿಗೂ ಸಹಾ ಸಮೀಕರಣವನ್ನೇ ಹಿಡಿದು ಓದುತ್ತಾರೆ.

ಪ್ಲಾಸ್ಮಾ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಮನೆಯ ಹಳೆಯ ಟ್ಯೂಬ್‌ಲೈಟಿನೊಳಗೆ ಪಾದರಸದ ಆವಿಯ ಪ್ಲಾಸ್ಮಾ ಇರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಕಣ್ಣು ಕುಕ್ಕುವ ಕಿಡಿಯೂ ಪ್ಲಾಸ್ಮಾ. ತುಂತುರು ಮಳೆಯಲ್ಲಿ ದೊಡ್ಡ ಲೈನಿನ ಗೋಪುರದ ಹತ್ತಿರ ಹೋದಾಗ ಜೇನುಹುಳದ ಹಾಗೆ ಗುಂಯ್ ಎನ್ನುವ ಸದ್ದು ಕೇಳಿದ್ದೀರಲ್ಲ, ಅದು ತಂತಿಯ ಸುತ್ತಲಿನ ಗಾಳಿ ತುಸು ತುಸುವೇ ಒಡೆಯುವ ಸದ್ದು. ಅದಕ್ಕೆ ಕೊರೋನಾ ಎಂದೇ ಹೆಸರು. ರೋಗದ ಕೊರೋನಾ ಅಲ್ಲ, ಹೆದರಬೇಡಿ.

ಲೈನಿನ ಮಾತು ಬಂದದ್ದರಿಂದ ಒಂದು ವಿಷಯ. ಅಷ್ಟು ವೋಲ್ಟೇಜು ಏಕೆ ಬೇಕು ಎಂದು ಮಕ್ಕಳು ಕೇಳುತ್ತಾರೆ. ಅಷ್ಟೇ ಶಕ್ತಿಯನ್ನು ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಕಡಿಮೆ ಸಾಕು, ತಂತಿ ಬಿಸಿಯಾಗಿ ಪೋಲಾಗುವುದೂ ಕಡಿಮೆ. ಕರ್ನಾಟಕ ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ನಮ್ಮ ಭಾಗದಲ್ಲಿ ರಾಯಚೂರಿನಿಂದ ಸೊಲ್ಲಾಪುರಕ್ಕೆ 7,65,000 ವೋಲ್ಟಿನ ಲೈನು 2013ರ ಡಿಸೆಂಬರ್ ಕೊನೆಗೆ ಚಾಲೂ ಆಯಿತು. ದಕ್ಷಿಣ ಭಾರತದ ವಿದ್ಯುತ್ ಜಾಲ ಇಡೀ ದೇಶದ ಜಾಲದೊಂದಿಗೆ ಕೂಡಿದ್ದು ಆ ಲೈನಿನಿಂದಲೇ.

ಆದರೆ ನಮ್ಮ ಹೊಲಗಳ ಮೇಲೆ ಬೀಳುವ ಎಲ್ಲಕ್ಕಿಂತ ದೊಡ್ಡ ಪ್ಲಾಸ್ಮಾ ಸಿಡಿಲು. ಅದು ಹಾಯುವ ದಾರಿಯಲ್ಲಿ ಗಾಳಿ ಕ್ಷಣಮಾತ್ರಕ್ಕೆ ಸುಮಾರು 30,000 ಡಿಗ್ರಿ ಕಾಯುತ್ತದೆ. ಅದು ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ಹಾಗೆ ಕಾದ ಗಾಳಿ ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ 2,887 ಜನ ಸತ್ತರು ಎಂದು ಸರಕಾರದ ದಾಖಲೆ ಹೇಳುತ್ತದೆ. ಹೀಗೆ ಸಾಯುವವರಲ್ಲಿ ಬಹಳಷ್ಟು ಜನ ಹೊಲದಲ್ಲಿ ದುಡಿಯುವವರು, ದನ ಕುರಿ ಕಾಯುವವರು. ನಮ್ಮ ಕರಿ ಭೂಮಿ ಬಟ್ಟ ಬಯಲು. ತೊಗರಿ ಹೊಲದ ಬದುವಿನಲ್ಲಿ ಇರುವುದು ಒಂದೇ ಬೇವಿನ ಗಿಡ. ಮಳೆ ಬಂತೆಂದರೆ ನಾಲ್ಕು ಜನ ಓಡಿ ಅದರ ಬುಡಕ್ಕೇ ನಿಲ್ಲುತ್ತಾರೆ. ಬಯಲಿನಲ್ಲಿ ಎತ್ತರವಾಗಿರುವುದು ಆ ಗಿಡ ಒಂದೇ, ಸಿಡಿಲು ಹುಡುಕುವುದೂ ಅದನ್ನೇ. ಅಲ್ಲಿ ನಿಲ್ಲಬೇಡಿ. ಮಿಂಚು ಕಂಡ ಮೇಲೆ ಎಣಿಸಿರಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿತೆಂದರೆ ಸಿಡಿಲು ನಿಮ್ಮಿಂದ ಹತ್ತು ಕಿಲೋಮೀಟರಿನೊಳಗೆ ಇದೆ. ಪಕ್ಕಾ ಮನೆಯೊಳಗೆ, ಇಲ್ಲವೆ ತಗಡಿನ ಮೈಯ ಬಸ್ಸು ಜೀಪಿನೊಳಗೆ ಕಿಟಕಿ ಮುಚ್ಚಿ ಕೂಡಿರಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊರಗೆ ಬರಬೇಡಿ. ಸಿಡಿಲು ಬಡಿದವನನ್ನು ಮುಟ್ಟಿದರೆ ಮುಟ್ಟಿದವನಿಗೂ ಹೊಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಇದು ಸುಳ್ಳು. ಅವನ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು, ಎದೆಬಡಿತ ನಿಂತಿದ್ದರೆ ಆ ಕ್ಷಣವೇ ಎದೆ ಒತ್ತಲು ಆರಂಭಿಸಬೇಕು, ದವಾಖಾನೆಗೆ ಒಯ್ಯುವವರೆಗೆ ಬಿಡಬಾರದು. ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಎಂಬ ಆ್ಯಪ್ ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ಮುನ್ನೆಚ್ಚರಿಕೆ ಕೊಡುತ್ತದೆ. ಮಿರಗದ ಮಳೆಗೆ ಮುಂಚೆಯೇ ಮಕ್ಕಳು ಅದನ್ನು ತಂದೆಯವರ ಮೊಬೈಲಿಗೆ ಹಾಕಿಕೊಡಲಿ.

ಇನ್ನು ಸೂರ್ಯನ ಮಾತು. ಇಲ್ಲಿ ನಮ್ಮೂರ ಮೇಲೆ ಹಾಯ್ದ ಒಂದು ನೆರಳಿನ ಕಥೆಯಿದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

1868ರ ಆಗಸ್ಟ್ 18. ಆಗ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಅಂದು ಬೆಳಗಿನ ಹೊತ್ತು ಪೂರ್ಣ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಬಂದು ವಿಜಾಪುರದ ಮೇಲೆ ಹಾಯ್ದು, ನಮ್ಮ ಈ ಭೀಮಾ-ಕೃಷ್ಣಾ ನಡುವಿನ ನೆಲವನ್ನು ದಾಟಿ, ಗುಂಟೂರು, ಮಚಲಿಪಟ್ಟಣದ ಕಡೆಗೆ ಹೋಯಿತು. ನೆರಳಿನ ಅಗಲ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅಂದೋಲಾ ಅದರ ಒಳಗೇ ಇತ್ತು. ಮುಂಗಾರು ಬೆಳೆ ಹೊಲದಲ್ಲಿ ನಿಂತ ಕಾಲ. ಏರುಹೊತ್ತಿನಲ್ಲಿ ಕೆಲವು ನಿಮಿಷ ಕತ್ತಲಾಗಿದ್ದನ್ನು ಇಲ್ಲಿನ ರೈತರು ಕಂಡಿರಲೇಬೇಕು. ಅವರು ಏನಂದುಕೊಂಡರೆಂದು ಬರೆದಿಟ್ಟವರಿಲ್ಲ.

ಆದರೆ ವಿಜಾಪುರದಲ್ಲಿ ಹೇಗ್ ಎಂಬ ಸರ್ವೇ ಅಧಿಕಾರಿ ಕೈಯಲ್ಲಿ ಹಿಡಿಯುವ ಚಿಕ್ಕ ಬೆಳಕುದರ್ಶಕ ಹಿಡಿದು ನಿಂತಿದ್ದ. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಇನ್ನೊಬ್ಬ ಅಧಿಕಾರಿ ಮೋಡಗಳ ನಡುವೆಯೇ ಕಾಯುತ್ತಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷೆಲರ ಮೊಮ್ಮಗ ಆತ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಮಚಲಿಪಟ್ಟಣದಲ್ಲಿ ಮದ್ರಾಸಿನ ಪೋಗ್ಸನ್. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ಅಂಚಿನಲ್ಲಿ ಕೆಂಪು ಜ್ವಾಲೆಗಳು ಕಾಣುತ್ತವೆ. ಅವುಗಳ ಬೆಳಕನ್ನು ಒಡೆದು ನೋಡಿದರೆ ಕಾಮನಬಿಲ್ಲಿನಂತೆ ಬಣ್ಣಗಳ ಪಟ್ಟಿ ಬರಲಿಲ್ಲ, ಬಿಡಿ ಬಿಡಿಯಾಗಿ ಹೊಳೆಯುವ ಗೆರೆಗಳು ಬಂದವು. ಎಂದರೆ ಅದು ಉರಿಯುತ್ತಿರುವ ಗಟ್ಟಿ ಪದಾರ್ಥವಲ್ಲ, ಹೊಳೆಯುವ ಅನಿಲ. ಹೇಗ್ ಕಂಡ ಗೆರೆಗಳಲ್ಲಿ ಒಂದು ಕೆಂಪು, ಇನ್ನೊಂದು ಹೊನ್ನಿನ ಬಣ್ಣದ್ದು.

ಆ ಹೊನ್ನಿನ ಗೆರೆಯೇ ಎಲ್ಲರಿಗೂ ಗಂಟು ಹಾಕಿತು. ಉಪ್ಪಿನಲ್ಲಿರುವ ಸೋಡಿಯಂ ಕೂಡ ಹಳದಿ ಗೆರೆ ಕೊಡುತ್ತದೆ. ಇದು ಅದರ ಪಕ್ಕದಲ್ಲಿದೆ, ಆದರೆ ಅದೇ ಜಾಗದಲ್ಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಗ್ರಹಣವಿಲ್ಲದೆಯೇ ಈ ಗೆರೆಯನ್ನು ನೋಡಿದರು. ಭೂಮಿಯ ಮೇಲೆ ಯಾರೂ ಕಾಣದ ಧಾತು ಇದೆಂಬ ನಿರ್ಣಯಕ್ಕೆ ಬರಲಾಯಿತು. ಗ್ರೀಕರ ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಕರೆದರು. ಭೂಮಿಯ ಮೇಲೆ ಅದು ರ‍್ಯಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಕಲ್ಲಿನೊಳಗೆ. ಅಂದರೆ ಮನುಷ್ಯ ಹೀಲಿಯಮ್ಮನ್ನು ಮೊದಲು ಸೂರ್ಯನಲ್ಲಿ ಕಂಡ, 27 ವರ್ಷದ ಮೇಲೆ ನೆಲದಲ್ಲಿ ಕಂಡ.

ಆ ಹೀಲಿಯಂ ಸೂರ್ಯನ ಒಲೆಯ ಬೂದಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಸೂರ್ಯನ ಗರ್ಭದಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಬಿಸಿ. ಅಲ್ಲಿ ಹೈಡ್ರೋಜನ್ನಿನ ಬೀಜಗಳು ಹಂತ ಹಂತವಾಗಿ ಕೂಡಿ ಹೀಲಿಯಂ ಆಗುತ್ತವೆ. ನಮ್ಮ ಕನ್ನಡ ಪಾಠಪುಸ್ತಕದಲ್ಲಿ ಇದಕ್ಕೆ ಬೈಜಿಕ ಸಮ್ಮಿಳನ ಎಂಬ ಚೆಂದದ ಹೆಸರಿದೆ. ಉರ್ದುವಿನಲ್ಲಿ ಪರಮಾಣುವಿಗೆ ಜೌಹರ್ ಎನ್ನುತ್ತೇವೆ, ಪರಮಾಣು ಶಕ್ತಿಗೆ ಜೌಹರಿ ತವಾನಾಯಿ. ಜೌಹರಿ ಎಂದರೆ ರತ್ನದ ವ್ಯಾಪಾರಿಯೂ ಹೌದು. ಭಾಷೆಯ ಮಾಸ್ತರನಿಗೆ ಇಂಥವು ಕಂಡರೆ ಹೇಳದೆ ಇರಲಾಗದು, ಕ್ಷಮಿಸಿರಿ. ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ನನ್ನು ಹೀಗೆ ಬೆಸೆಯುತ್ತಾನೆ. ಅದರಲ್ಲಿ ಸುಮಾರು 40 ಲಕ್ಷ ಟನ್ ತೂಕ ಕಾಣೆಯಾಗಿ ಶಕ್ತಿಯಾಗುತ್ತದೆ. ನಮ್ಮ ಜೋಳ ತೊಗರಿ ಬೆಳೆಯುವುದು ಆ ಲೆಕ್ಕದಿಂದಲೇ.

ಭೂಮಿಯ ಮೇಲೆ ಇದನ್ನೇ ಮಾಡಲು ಏಕೆ ಕಷ್ಟ? ಎರಡು ಆಯಸ್ಕಾಂತಗಳ ಒಂದೇ ಧ್ರುವಗಳನ್ನು ಎದುರು ಹಿಡಿದು ಒತ್ತಿ ನೋಡಿರಿ, ತಳ್ಳುತ್ತವೆ. ಪರಮಾಣುವಿನ ಬೀಜಗಳೂ ಹಾಗೆಯೇ ಒಂದನ್ನೊಂದು ತಳ್ಳುತ್ತವೆ, ಏಕೆಂದರೆ ಎರಡರದೂ ಧನ ವಿದ್ಯುತ್ತು. ತಳ್ಳುವುದನ್ನು ಮೀರಿ ಕೂಡಬೇಕೆಂದರೆ ವಿಪರೀತ ವೇಗ ಬೇಕು, ವೇಗವೆಂದರೆ ಬಿಸಿ. ಸೂರ್ಯನಿಗೆ ತನ್ನ ಭಾರವೇ ಒತ್ತಡ ಕೊಡುತ್ತದೆ. ನಮಗೆ ಆ ಭಾರವಿಲ್ಲ. ಆದ್ದರಿಂದ ಯಂತ್ರದಲ್ಲಿ ಹತ್ತು ಹದಿನೈದು ಕೋಟಿ ಡಿಗ್ರಿ ಕಾಯಿಸಬೇಕಾಗುತ್ತದೆ. ಅಷ್ಟು ಬಿಸಿಯನ್ನು ಹಿಡಿದಿಡುವ ಪಾತ್ರೆ ಇಲ್ಲ. ಪ್ಲಾಸ್ಮಾ ವಿದ್ಯುತ್ತಿನದಾದ್ದರಿಂದ ಗೋಡೆಗೆ ತಾಗದಂತೆ ಕಾಂತಶಕ್ತಿಯಿಂದ ಹಿಡಿಯುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ ಹೋಮಿ ಭಾಭಾ ಅವರು 1955ರಲ್ಲಿ ಜಿನೀವಾದ ಜಾಗತಿಕ ಸಮ್ಮೇಳನದ ಅಧ್ಯಕ್ಷರಾಗಿ, ಎರಡು ದಶಕದೊಳಗೆ ಸಮ್ಮಿಳನದ ಶಕ್ತಿಯನ್ನು ಹಿಡಿತಕ್ಕೆ ತರುವ ದಾರಿ ಸಿಗುತ್ತದೆ ಎಂದಿದ್ದರು. ಏಳು ದಶಕ ಕಳೆದವು. ದಾರಿ ಮುಗಿದಿಲ್ಲ, ಆದರೆ ನಡಿಗೆ ನಿಂತೂ ಇಲ್ಲ. ಗುಜರಾತಿನ ಗಾಂಧಿನಗರದಲ್ಲಿ 'ಆದಿತ್ಯ' ಎಂಬ ಯಂತ್ರ 1989ರಲ್ಲಿ ಚಾಲೂ ಆಯಿತು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ 'ಈಟರ್' ಎಂಬ ದೊಡ್ಡ ಯಂತ್ರದಲ್ಲಿ ಭಾರತ 2005ರಿಂದ ಪಾಲುದಾರ. ಅದರ ಹೊರಗವಚ 30 ಮೀಟರ್ ಎತ್ತರ, ಸುಮಾರು 3,850 ಟನ್ ತೂಕ. ಅದರ ಭಾಗಗಳು ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ಅಮೆರಿಕದಲ್ಲಿ 2022ರ ಡಿಸೆಂಬರ್ 5ರಂದು ಲೇಸರುಗಳು 2.05 ಮೆಗಾಜೂಲ್ ಶಕ್ತಿಯನ್ನು ಪುಟ್ಟ ಗುಳಿಗೆಯೊಂದಕ್ಕೆ ಕೊಟ್ಟವು, ಸಮ್ಮಿಳನದಿಂದ 3.15 ಮೆಗಾಜೂಲ್ ಮರಳಿ ಬಂತು. ಪತ್ರಿಕೆಗಳು ಇದನ್ನು ದೊಡ್ಡಕ್ಷರದಲ್ಲಿ ಬರೆದವು. ಆ ಲೇಸರುಗಳನ್ನು ಹಚ್ಚಲು ಸುಮಾರು 300 ಮೆಗಾಜೂಲ್ ವಿದ್ಯುತ್ತು ಖರ್ಚಾಗಿತ್ತು ಎಂಬುದು ಸಣ್ಣಕ್ಷರದಲ್ಲಿತ್ತು. ಸುದ್ದಿ ಓದುವಾಗ ಎರಡನ್ನೂ ಓದಿರಿ.

ಈಗ ನಮ್ಮ ಹುಡುಗ ಕಂಡ ಡಬ್ಬಿ. ಅದರ ಹೆಸರು ಫ್ಯೂಸರ್. ಟೆಲಿವಿಜನ್ನಿನ ಆದ್ಯರಲ್ಲಿ ಒಬ್ಬರಾದ ಫೈಲೋ ಫಾರ್ನ್ಸ್‌ವರ್ತ್ 1960ರ ದಶಕದಲ್ಲಿ ಇದನ್ನು ಬೆಳೆಸಿದರು. ಡಬ್ಬಿಯಿಂದ ಗಾಳಿ ಎಳೆದು, ಭಾರ ಹೈಡ್ರೋಜನ್ ತುಸುವೇ ಬಿಟ್ಟು, ತಂತಿಯ ಬುಟ್ಟಿಗೆ ಹತ್ತಾರು ಸಾವಿರ ವೋಲ್ಟ್ ಕೊಡುತ್ತಾರೆ. ಅಯಾನುಗಳು ಓಡಿಬಂದು ಡಿಕ್ಕಿ ಹೊಡೆಯುತ್ತವೆ, ಕೆಲವು ಕೂಡುತ್ತವೆ. ಹೌದು, ನಿಜವಾದ ಸಮ್ಮಿಳನವೇ. 2008ರಲ್ಲಿ ಅಮೆರಿಕದ ಟೇಲರ್ ವಿಲ್ಸನ್ ಎಂಬ ಹುಡುಗ 14ನೆಯ ವಯಸ್ಸಿಗೆ ಇದನ್ನು ಮಾಡಿ ಹೆಸರಾದ. ಆದರೆ ವಿಡಿಯೋ ಹೇಳದ ಮಾತುಗಳಿವೆ. ಫ್ಯೂಸರ್ ಕೊಡುವ ಶಕ್ತಿ ಅದು ತಿನ್ನುವ ಶಕ್ತಿಯ ಮುಂದೆ ಲೆಕ್ಕಕ್ಕೇ ಇಲ್ಲ. ಅದರಿಂದ ಕ್ಷಕಿರಣ ಮತ್ತು ನ್ಯೂಟ್ರಾನು ಹೊರಬರುತ್ತವೆ. ಟೇಲರನ ಬೆನ್ನಿಗೆ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ನಿಂತಿದ್ದರು, ಪ್ರಯೋಗಾಲಯ ಇತ್ತು, ವಿಕಿರಣ ಅಳೆಯುವ ಯಂತ್ರಗಳಿದ್ದವು. ಗುಜರಿ ಅಂಗಡಿ ಮತ್ತು ಒಬ್ಬ ಹುಡುಗ, ಇಷ್ಟರಿಂದ ಆದ ಕೆಲಸ ಅದಲ್ಲ.

ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟ್ ಕೊಡುತ್ತದೆ, ಅದೂ ಮನುಷ್ಯನನ್ನು ಕೊಲ್ಲಲು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟಿನೊಂದಿಗೆ. ಎದೆಬಡಿತ ಕೆಡಿಸಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಸಾಕು. ಆ ಒಲೆಯ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ತು ಹಿಡಿದಿಟ್ಟಿರಬಹುದು. ಹಳೆಯ ಡಬ್ಬಿ ಟಿ.ವಿ.ಯ ಒಳಗೆ 25,000 ವೋಲ್ಟಿನವರೆಗೂ ಇರುತ್ತದೆ. ವಿಡಿಯೋ ನೋಡಿ ಒಲೆಯ ಟ್ರಾನ್ಸ್‌ಫಾರ್ಮರಿನಿಂದ ಕಟ್ಟಿಗೆಯ ಮೇಲೆ ಚಿತ್ತಾರ ಸುಡಲು ಹೋಗಿ ಹೊರದೇಶಗಳಲ್ಲಿ ಹಲವರು ಸತ್ತಿದ್ದಾರೆ. ಹುಡುಗನಿಗೆ ನಾನು ಇದನ್ನೆಲ್ಲ ಹೇಳಿದೆ. ಬೈಯಲಿಲ್ಲ, ಲೆಕ್ಕ ಹೇಳಿದೆ. ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು. ಶೆಲ್ಲು ಬ್ಯಾಟರಿಯಿಂದ 12 ವೋಲ್ಟಿನವರೆಗೆ ಏನು ಬೇಕಾದರೂ ಮಾಡು, ಅದರ ಮೇಲೆ ಕೈ ಹಾಕಬೇಡ. ದೊಡ್ಡವರಿಗೂ ಒಂದು ಮಾತು. ಹೊಲದ ಕಂಬದ ತಂತಿಗೆ ಕೊಂಡಿ ಹಾಕಿ ಪಂಪ್ ನಡೆಸುವ ತಂದೆ, ಮಗನಿಗೆ ವಿದ್ಯುತ್ತಿನ ಭಯ ಹೇಳಿದರೆ ಮಗ ಕೇಳುವುದಿಲ್ಲ.

ಹಾಗಾದರೆ ಹುಡುಗ ಮಾಡುವುದೇನು? ವಿಜಾಪುರದಲ್ಲಿ ಹೇಗ್ ಮಾಡಿದ್ದನ್ನೇ ಮಾಡಲಿ. ಸೂರ್ಯನ ಗುಟ್ಟು ಬಯಲಾದದ್ದು ಮೊದಲು ವೋಲ್ಟೇಜಿನಿಂದಲ್ಲ, ಬೆಳಕನ್ನು ಒಡೆದು ನೋಡಿದ್ದರಿಂದ. ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ಸಾವಿರ ವರ್ಷದ ಹಿಂದೆ ಇಬ್ನುಲ್ ಹೈಸಮ್ ಸಣ್ಣ ರಂಧ್ರದಿಂದ ಬಂದ ಗ್ರಹಣದ ಬಿಂಬವನ್ನು ಅಭ್ಯಾಸ ಮಾಡಿದ್ದರು. ಕಮಾಲುದ್ದೀನ್ ಫಾರ್ಸಿ ನೀರು ತುಂಬಿದ ಗಾಜಿನ ಗೋಳವನ್ನು ಕತ್ತಲ ಕೋಣೆಯಲ್ಲಿಟ್ಟು ಕಾಮನಬಿಲ್ಲಿನ ಕಾರಣ ಬಿಡಿಸಿದರು. ಬೇಕಾದದ್ದು ಗಾಜು, ನೀರು, ಕತ್ತಲೆ.

ನಮಗೆ ಇನ್ನೂ ಸುಲಭ. ಬೂಟಿನ ಒಂದು ರಟ್ಟಿನ ಡಬ್ಬಿ, ಯಾರೂ ಕೇಳದ ಹಳೆಯ ಒಂದು ಸಿ.ಡಿ. ಸಿ.ಡಿ.ಯ ಮೇಲೆ ಒಂದು ಮಿಲಿಮೀಟರಿಗೆ ಸುಮಾರು 625 ಸಾಲುಗಳಿರುತ್ತವೆ. ಬೆಳಕನ್ನು ಬಣ್ಣಗಳಾಗಿ ಹಂಚುವುದು ಅವೇ. ಡಬ್ಬಿಯ ಒಂದು ತುದಿಗೆ ಬ್ಲೇಡಿನಿಂದ ಕೂದಲೆಳೆಯಂಥ ಸೀಳು ಮಾಡಬೇಕು, ಇನ್ನೊಂದು ತುದಿಗೆ ಸಿ.ಡಿ.ಯನ್ನು ಓರೆಯಾಗಿ ನಿಲ್ಲಿಸಬೇಕು, ಮೇಲಿನಿಂದ ಇಣುಕಲು ಒಂದು ತೂತು. ಅಷ್ಟೇ. ಸೀಳನ್ನು ಟ್ಯೂಬ್‌ಲೈಟಿಗೆ ಹಿಡಿದರೆ ಪಾದರಸದ ಹಸಿರು ಗೆರೆ, ನೇರಳೆ ಗೆರೆ ಎದ್ದು ಕಾಣುತ್ತವೆ. ಎಲ್.ಇ.ಡಿ. ಬಲ್ಬಿಗೆ ಹಿಡಿದರೆ ಗೆರೆಗಳಿಲ್ಲ, ಬಣ್ಣದ ಪಟ್ಟಿ. ದೊಡ್ಡವರು ಹತ್ತಿರ ನಿಂತು ಗ್ಯಾಸಿನ ಉರಿಗೆ ಚಿಟಿಕೆ ಉಪ್ಪು ಹಾಕಿದರೆ ಸೋಡಿಯಮ್ಮಿನ ಹಳದಿ ಗೆರೆ. ಹೀಲಿಯಮ್ಮಿನ ಹೊನ್ನಿನ ಗೆರೆ ಇರುವುದು ಅದರ ಮಗ್ಗುಲಲ್ಲೇ. ಒಂದು 589, ಇನ್ನೊಂದು 587.6 ನ್ಯಾನೋಮೀಟರ್. ಇಷ್ಟು ಕಡಿಮೆ ಅಂತರವನ್ನು ಗುರುತಿಸಿ, ಇದು ಬೇರೆ ಎಂದು ಹೇಳಿದವರ ಕಣ್ಣು ಎಂಥದಿರಬೇಕು! ಡಬ್ಬಿಯನ್ನು ನೇರವಾಗಿ ಸೂರ್ಯನಿಗೆ ಮಾತ್ರ ಹಿಡಿಯಬೇಡಿ, ಬಿಸಿಲು ಬಿದ್ದ ಬಿಳಿ ಗೋಡೆ ಸಾಕು.

ನಮ್ಮ ಹುಡುಗ ಇಂಥ ನಾಲ್ಕು ಡಬ್ಬಿ ಮಾಡಿದ್ದಾನೆ. ಅವು ಹೊರಗಿನ ಮೇಜಿನ ಮೇಲೆ ಇವೆ, ಊಟಕ್ಕೆ ಹೋಗುವ ಮುಂಚೆ ಇಣುಕಿ ನೋಡಿರಿ. ಮೊಬೈಲು ಅವನ ಕೈಯಲ್ಲೇ ಇದೆ, ಗ್ಯಾರೇಜಿನ ಮಾತು ಸದ್ಯಕ್ಕೆ ನಿಂತಿದೆ. ಉಚ್ಚ ವೋಲ್ಟೇಜಿನ ಆಸೆ ಅವನಿಗೆ ಹೋಗಿಲ್ಲ, ಹೋಗುವುದೂ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೃತಕ ಸಿಡಿಲನ್ನೇ ಹುಟ್ಟಿಸುವ ಪ್ರಯೋಗಾಲಯವಿದೆ. ಶ್ರೀಹರಿಕೋಟದ ರಾಕೆಟ್ ವೇದಿಕೆಗಳಿಗೆ ಸಿಡಿಲಿನಿಂದ ರಕ್ಷಣೆ ಹೇಗೆ ಎಂಬ ಅಧ್ಯಯನ ಅಲ್ಲಿನವರು ಮಾಡಿದ್ದಾರೆ. ಅಲ್ಲಿಗೆ ಹೋಗುವ ದಾರಿ ಎಸ್.ಎಸ್.ಎಲ್.ಸಿ. ಗಣಿತದ ಮೂಲಕ ಹೋಗುತ್ತದೆ ಎಂದು ಹೇಳಿದ್ದೇನೆ. ಈಗ ಗಣಿತದ ಮಾಸ್ತರರಿಗೆ ಅವನ ಕಾಟ ಹೆಚ್ಚಾಗಿದೆ, ಅವರು ಇಲ್ಲೇ ಕುಳಿತಿದ್ದಾರೆ.

ಒಂದು ತಾರೀಖು ಬರೆದುಕೊಳ್ಳಿರಿ. 2027ರ ಆಗಸ್ಟ್ 2, ಸೋಮವಾರ. ಅಂದಿನ ಪೂರ್ಣಗ್ರಹಣದ ನೆರಳು ಸ್ಪೇನ್, ಮೊರಾಕ್ಕೊ, ಈಜಿಪ್ತ್ ದಾಟಿ ಜಿದ್ದಾ ಮತ್ತು ಮಕ್ಕಾದ ಮೇಲೆ ಹಾಯುತ್ತದೆ. ಅಲ್ಲಿ ದುಡಿಯುವ ನಮ್ಮ ಕಡೆಯ ಎಷ್ಟೋ ಜನರಿಗೆ, ಉಮ್ರಾಕ್ಕೆ ಹೋದವರಿಗೆ, ಹಾಡುಹಗಲೇ ಐದು ನಿಮಿಷ ಕತ್ತಲಾಗುತ್ತದೆ. ನಮ್ಮಲ್ಲಿ ಸಂಜೆಯ ಮುಂಚೆ ಸೂರ್ಯನ ಒಂದು ತುಣುಕು ಮಾತ್ರ ಮುಚ್ಚುತ್ತದೆ. 1980ರ ಫೆಬ್ರವರಿ 16ರಂದು ರಾಯಚೂರು ಜಿಲ್ಲೆಯ ಮೇಲೆ ಪೂರ್ಣಗ್ರಹಣ ಹಾಯ್ದಾಗ ಬಾಗಿಲು ಹಾಕಿಕೊಂಡು ಕುಳಿತವರು ಈ ಸಭೆಯಲ್ಲೂ ಇರಬಹುದು. ಈ ಸಲ ಶಾಲೆಯ ಮೈದಾನದಲ್ಲಿ ಸೇರೋಣ. ಗ್ರಹಣದ ಕನ್ನಡಕವನ್ನು ಶಾಲೆಯಿಂದಲೇ ತರಿಸುತ್ತೇವೆ, ಹಳೆಯ ಎಕ್ಸ್‌ರೇ ಹಾಳೆ ಯಾರೂ ತರಬೇಡಿ. ಜಿದ್ದಾದಲ್ಲಿ ಅಣ್ಣ, ಚಾಚಾ, ಮಾಮು ಇದ್ದವರು ಅಂದು ಅವರಿಗೆ ಫೋನ್ ಹಚ್ಚಿ, ಅಲ್ಲಿ ಏನು ಕಂಡಿತೆಂದು ಕೇಳಿ ಬರೆದು ತರಬೇಕು. 1868ರಲ್ಲಿ ಅಂದೋಲಾದವರು ಬರೆಯದೆ ಬಿಟ್ಟದ್ದನ್ನು ಈ ಸಲ ನಮ್ಮ ಮಕ್ಕಳು ಬರೆಯಲಿ. ಹೆಸರು ಕೊಡುವವರು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನನ್ನು ಕಾಣಿರಿ.